ಅಳಿಯ ತಂದ ನೇರಳೆ ಬ್ಯಾಟರಿ

ಅಮರಮ್ಮನ ಮನೆಯಲ್ಲಿ ಬಟ್ಟೆ ಝಾಡಿಸುವ ಸದ್ದು ನಿಂತದ್ದು ಕೂಸು ಹುಟ್ಟಿದ ಆರನೆಯ ದಿನ.

ಮಸ್ಕಿಯ ಗುಡ್ಡದ ಬುಡದ ಆ ಓಣಿಯಲ್ಲಿ ಅದು ಸಣ್ಣ ಸುದ್ದಿಯೇನಲ್ಲ. ಮೂವತ್ತು ವರ್ಷದಿಂದ ಓಣಿಯ ಜನ ಆ ಫಟ್ ಫಟ್ ಸದ್ದಿಗೇ ಏಳುತ್ತಿದ್ದರು. ಬೆಳಗಾಗುತ್ತಲೇ ಅಮರಮ್ಮ ಮನೆಯ ಕೌದಿ, ಚಾದರ, ಟವೆಲ್ಲು, ಒಗೆದು ಮಡಿಚಿಟ್ಟ ಸೀರೆ, ಕೊನೆಗೆ ಕಾಲೊರೆಸುವ ಗೋಣಿಚೀಲವನ್ನೂ ಬಿಡದೆ ಅಂಗಳಕ್ಕೆ ತಂದು ಒಂದೊಂದನ್ನೂ ಮೂರು ಸಲ ಝಾಡಿಸುತ್ತಿದ್ದಳು. ಸಂಜೆ ಮತ್ತೆ ಅದೇ ಕೆಲಸ. ಗಂಡ ರಾಮಣ್ಣ ಬದುಕಿದ್ದಾಗ, "ನಮ್ಮ ಮನ್ಯಾಗ ಬಟ್ಟಿ ಹರಿಯೋದು ಉಟ್ಟಲ್ಲ, ಇಕಿ ಕೈಗೆ ಸಿಕ್ಕು" ಎಂದು ಚೇಷ್ಟೆ ಮಾಡುತ್ತಿದ್ದ. ಆದರೆ ಅವನೂ ಬಹಳ ನಗುತ್ತಿರಲಿಲ್ಲ. ಕಾರಣ ಅವನಿಗೂ ಗೊತ್ತಿತ್ತು.

ಅವರಿಗೆ ಮೊದಲೊಬ್ಬ ಮಗನಿದ್ದ, ಮೌನೇಶ. ಮೂರು ವರ್ಷದವನು. ಒಂದು ಮಧ್ಯಾಹ್ನ ಅಮರಮ್ಮ ಹೊಲದಿಂದ ದಣಿದು ಬಂದವಳು, ಮೂಲೆಯಲ್ಲಿ ಮಡಿಚಿಟ್ಟಿದ್ದ ಕೌದಿಯನ್ನು ಝಾಡಿಸದೆ ಹಾಗೆಯೇ ಬಿಚ್ಚಿ ಹಾಸಿ ಅವನನ್ನು ಮಲಗಿಸಿದಳು. ಮಡಿಕೆಯೊಳಗೆ ಕೆಂಪು ಚೇಳಿತ್ತು. ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ಮಂತ್ರ ಹಾಕುವವನ ಮನೆಗೆ ಓಡಿದರು. ಅವನು ಬೂದಿ ಹಚ್ಚಿದ, ಬೇವಿನ ಸೊಪ್ಪಿನಿಂದ ನಿವಾಳಿಸಿ ಇಳಿ ತೆಗೆದ. ಕರೀ ಚೇಳು ಕಡಿಸಿಕೊಂಡವರು ಒಂದು ದಿನ ಒದ್ದಾಡಿ ಹೇಗೂ ಎದ್ದು ಕೂಡುತ್ತಾರೆ, ಮಂತ್ರದ ಹೆಸರು ಉಳಿಯುತ್ತದೆ. ಕೆಂಪು ಚೇಳು ಯಾರ ಮಂತ್ರಕ್ಕೂ ಸೊಪ್ಪು ಹಾಕುವುದಿಲ್ಲ. ಹುಡುಗನ ಮೈ ಬೆವರಿ ತಣ್ಣಗಾಗತೊಡಗಿದ ಮೇಲೆ ಲಿಂಗಸುಗೂರಿನ ದವಾಖಾನೆಗೆ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ, ದೊಡ್ಡ ಹುಣಸೆ ಗಿಡವಿದ್ದ ತಿರುವಿನಲ್ಲಿ, ಅಮರಮ್ಮನ ತೊಡೆಯ ಮೇಲೆಯೇ ಅವನು ಸುಮ್ಮನಾದ. ಆ ದಿನ ಝಾಡಿಸದಿದ್ದ ಒಂದು ಕೌದಿಯನ್ನು ಅವಳು ಮೂವತ್ತು ವರ್ಷ ದಿನಕ್ಕೆರಡು ಸಲ ಝಾಡಿಸುತ್ತಲೇ ಬಂದಳು.

ಅಂಥವಳು ಈಗ ಕೈ ಬಿಟ್ಟಳೆಂದರೆ ಅದಕ್ಕೆ ಅಳಿಯ ಆಂಜನೇಯನೇ ಕಾರಣ. ಬೈಯುವುದಾದರೆ ಅವನನ್ನೂ ಬೈಯಬೇಕು, ಆದರೆ ಬೈಯಲು ಮನಸ್ಸು ಬರುವಂಥ ಹುಡುಗ ಅವನಲ್ಲ.

ಆಂಜನೇಯ ಗೊರೇಬಾಳದವನು. ಅಣ್ಣತಮ್ಮಂದಿರು ಕಾಲುವೆ ನೀರಿನ ಗದ್ದೆ ನೋಡಿಕೊಂಡರೆ ಇವನು ಸಿಂಧನೂರಿನಲ್ಲಿ ಕಾರುಗಳ ಎ.ಸಿ. ರಿಪೇರಿ ಕಲಿತು ಸ್ವಂತ ಗ್ಯಾರೇಜು ಹಾಕಿದ್ದ. ಗ್ಯಾಸಿನ ಪೈಪು ಎಲ್ಲಿ ಸೋರುತ್ತದೆಂದು ಹಿಡಿಯಲು ಅವನ ಬಳಿ ಒಂದು ನೇರಳೆ ಬ್ಯಾಟರಿಯಿತ್ತು, ನೇರಳೆ ಬೆಳಕು ಸೂಸುವ ಟಾರ್ಚು. ಪೈಪಿಗೆ ಒಂದು ಬಗೆಯ ಬಣ್ಣದ ಎಣ್ಣೆ ಬಿಟ್ಟು ಈ ಬ್ಯಾಟರಿಯ ಬೆಳಕು ಹಿಡಿದರೆ ಸೋರಿದ ಜಾಗ ಹಸಿರಾಗಿ ಹೊಳೆಯುತ್ತದೆ. ಒಂದು ದಿನ ಹಾಗೆ ಹಿಡಿದಾಗ ಹಳೇ ಟೈರುಗಳ ಸಂದಿಯಲ್ಲಿ ಯಾವ ಪೈಪೂ ಇಲ್ಲದ ಕಡೆ ಏನೋ ಹಸಿರಾಗಿ ಹೊಳೆಯಿತು. ಎಣ್ಣೆ ಸಿಡಿದಿರಬೇಕೆಂದು ಬಟ್ಟೆ ತೆಗೆದುಕೊಂಡು ಒರೆಸಲು ಹೋದ. ಅದು ಬಾಲ ಎತ್ತಿತು.

ಹೆಂಡತಿ ಭಾರತಿ ಲಿಂಗಸುಗೂರಿನಲ್ಲಿ ಹೆತ್ತು, ಮೂರನೆಯ ದಿನ ಕೂಸಿನೊಂದಿಗೆ ತವರಿಗೆ ಬಂದಳೆಂಬ ಸುದ್ದಿ ಸಿಕ್ಕಾಗ ಅವನಿಗೆ ಮೊದಲು ನೆನಪಾದದ್ದು ಅತ್ತೆಯ ಮನೆಯ ಗೋಡೆ. ಗುಡ್ಡದ ಕಲ್ಲು, ಮಣ್ಣಿನ ಗೋಡೆ. ಕಲ್ಲು ಕಲ್ಲಿನ ಸಂದಿಗೂ ಒಂದು ಬೆರಳು ತೂರುತ್ತಿತ್ತು. ಮರುದಿನವೇ ಬ್ಯಾಟರಿಯನ್ನು ಕಿಸೆಯಲ್ಲಿಟ್ಟುಕೊಂಡು ಬೈಕು ಹತ್ತಿದ.

ಬಾಣಂತಿಯ ಕೋಣೆಯೆಂದರೆ ಗೊತ್ತಲ್ಲ, ನಡುಮಧ್ಯಾಹ್ನವೂ ಅಲ್ಲಿ ಕತ್ತಲೆಯೇ. ಗಾಳಿ ಸೋಕಬಾರದೆಂದು ಅಮರಮ್ಮ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಬಾಣಂತಿ ಮಲಗುವ ಹಗ್ಗದ ಹೊರಸಿನ ಕೆಳಗೆ ಕೆಂಡ ತುಂಬಿದ ಮಣ್ಣಿನ ಕುಂಡಲಿ, ಅದರ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ. ಹೆಸರಿಡುವ ತನಕ ಗಂಡಸು ಒಳಗೆ ಕಾಲಿಡುವ ಹಾಗಿಲ್ಲ, ಕೂಸಿನ ಅಪ್ಪನಾದರೂ ಅಷ್ಟೆ. ಆಂಜನೇಯ ಹೊಸ್ತಿಲ ಹೊರಗೆ ನಿಂತೇ ಕೈ ಚಾಚಿ ಗುಂಡಿ ಒತ್ತಿದ.

ಅದನ್ನು ಬೆಳಕು ಎನ್ನಲೂ ಆಗುತ್ತಿರಲಿಲ್ಲ. ನೇರಳೆ ಬಣ್ಣದ ಮಬ್ಬು, ಅಷ್ಟೆ. ಅಮರಮ್ಮ, "ಇದೇನ್ರೀ ಅಳಿಯಂದ್ರ, ಸೆಲ್ ಮುಗದಾವೇನು?" ಎಂದು ಮೂಗು ಮುರಿಯುವಷ್ಟರಲ್ಲಿ ಎದುರು ಗೋಡೆಯ ಸಂದಿಯಲ್ಲೊಂದು ಹಸಿರು ಎದ್ದಿತು. ಎಲೆಯ ಹಸಿರಲ್ಲ, ಗಿಣಿಯ ಹಸಿರಲ್ಲ, ಆ ಊರಿನಲ್ಲಿ ಎಲ್ಲೂ ಬೆಳೆಯದಂಥ ಹಸಿರು. ಕೊಂಡಿ, ಕಾಲು, ಬಾಲದ ಗೆಣ್ಣು ಗೆಣ್ಣೂ ಎಣಿಸುವ ಹಾಗೆ ಕಾಣುತ್ತಿತ್ತು. ಬೆಳಕು ಪಕ್ಕಕ್ಕೆ ಸರಿದಾಗ ಇನ್ನೊಂದು. ಮೂರನೆಯದು ಹೊರಸಿನ ತಲೆದೆಸೆಯ ಗೋಡೆಯ ಮೇಲೆ, ಮಲಗಿದ ಕೂಸಿನಿಂದ ಎರಡು ಮೊಳ ಎತ್ತರದಲ್ಲಿತ್ತು.

 ಅದೇ ಗೋಡೆಯನ್ನು ಅಮರಮ್ಮ ದಿನಾ ಗುಡಿಸಿದ್ದಳು, ಸಾರಿಸಿದ್ದಳು. ಮೂವತ್ತು ವರ್ಷ ತಾನು ಇವುಗಳನ್ನು ಹುಡುಕುತ್ತಿದ್ದೇನೆ ಎಂದುಕೊಂಡಿದ್ದಳು. ಅವು ಅಷ್ಟೂ ದಿನ ಸಂದಿಯಲ್ಲಿ ಕೂತು ತನ್ನನ್ನೇ ನೋಡುತ್ತಿದ್ದವೇನೋ ಅನ್ನಿಸಿ ಮೈ ಜುಮ್ಮೆಂದಿತು.

ಮೂರನ್ನೂ ಇಕ್ಕಳದಿಂದ ಎಳೆದು ಕೊಂದಾಯಿತು. ಹೆದರಿದ್ದ ಭಾರತಿ ಆಮೇಲೆ ಗಂಡನನ್ನು ನೋಡಿ ಕಿಸಕ್ಕನೆ ನಕ್ಕಳು. ಆ ಬೆಳಕಿನಲ್ಲಿ ಅವನ ಬಿಳಿ ಅಂಗಿ, ಹಲ್ಲು ನೀಲಿಯಾಗಿ ಹೊಳೆಯುತ್ತಿದ್ದವು. "ದೆವ್ವ ಕಂಡಂಗ ಕಾಣ್ತಿ ನೋಡು," ಎಂದಳು.

"ಸೋಪಿನ ಪುಡ್ಯಾಗ ಏನೋ ಹಾಕಿರ್ತಾರ, ಅದಕ್ಕ ಬಿಳೀ ಬಟ್ಟಿ ಹೊಳೀತಾವ," ಎಂದ ಆಂಜನೇಯ, ಬ್ಯಾಟರಿಯನ್ನು ಅತ್ತೆಯ ಕೈಗಿಟ್ಟ. "ದಿನಾ ಎರಡು ಸಲ ಕೋಣಿ ತುಂಬ ಹಿಡೀರಿ ಅತ್ತಿ. ಹೊಳದ್ರ ಐತಿ, ಹೊಳೀಲಿಲ್ಲ ಅಂದ್ರ ಇಲ್ಲ. ಆದ್ರ ಒಂದು ಮಾತು. ಕೂಸಿನ ಕಡೆ ಮಾತ್ರ ತಿರುವಬ್ಯಾಡ್ರಿ. ಎಳೇ ಕಣ್ಣು, ಈ ಬೆಳಕು ಚಲೋ ಅಲ್ಲ."

ಅಮರಮ್ಮ ಅದನ್ನು ದೇವರ ಮುಂದಿನ ಆಣೆಯ ಹಾಗೆ ಹಿಡಿದಳು. ಕೋಣೆಯ ಮೂಲೆ ಮೂಲೆಗೂ ನೇರಳೆ ಬೆಳಕು ಬಿತ್ತು, ಕೂಸಿನ ಮೇಲೆ ಒಂದು ದಿನವೂ ಬೀಳಲಿಲ್ಲ.

ಐದನೆಯ ದಿನ ಐದೇಸಿ ಆಯಿತು. ಶೆಟಿಗೆವ್ವ ದೇವಿ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುವ ದಿನ. ಅವಳ ದೀಪವನ್ನು ಮೊರದ ಮರೆಯಲ್ಲಿ ಹೊರಗೆ ಒಯ್ಯುವಾಗ ಯಾರ ಕಣ್ಣಿಗೂ ಬೀಳಬಾರದು. ಓಣಿಯವರೆಲ್ಲ ಬಾಗಿಲು ಹಾಕಿಕೊಂಡರು, ಎದುರು ಮನೆಯ ಇಮಾಮ್‌ಬೀ ಕೂಡ. ಆಕೆ ಈ ಓಣಿಯ ಮುಕ್ಕಾಲು ಕೂಸುಗಳಿಗೆ ಕಾಲ ಮೇಲೆ ಹಾಕಿಕೊಂಡು ನೀರೆರೆದವಳು, ಅಮರಮ್ಮನ ಮೊಮ್ಮಗನಿಗೂ ದಿನಾ ಆಕೆಯೇ ಎರೆಯುತ್ತಿದ್ದಳು. ನೋಡಬಾರದ ಆ ದೀಪವನ್ನು ಓಣಿಯ ತುದಿಯ ನೀರಿನ ಗುಂಡದ ಕಲ್ಲಿನ ಬಳಿ ಇಟ್ಟು ತಿರುಗಿ ನೋಡದೆ ಬಂದ ಅಮರಮ್ಮ, ಒಳಗೆ ಬಂದವಳೇ ನೇರಳೆ ಬ್ಯಾಟರಿ ಹಿಡಿದು ಗೋಡೆ ನೋಡಿದಳು. ಎಲ್ಲೂ ಏನೂ ಹೊಳೆಯಲಿಲ್ಲ. ಶೆಟಿಗೆವ್ವ ಏನು ಬರೆದಳೋ ತಿಳಿಯದು, ಗೋಡೆಯಂತೂ ಸ್ವಚ್ಛವಿತ್ತು.

ಮರುದಿನ ಬೆಳಿಗ್ಗೆ ಅಮರಮ್ಮ ಕೂಸಿನ ಬಟ್ಟೆಯ ಗಂಟನ್ನು ಕೋಣೆಯ ಬಾಗಿಲಲ್ಲೇ ಝಾಡಿಸತೊಡಗಿದಾಗ ಧೂಳೆದ್ದು ಕೂಸು ಸೀನಿತು, ಫಟ್ ಎನ್ನುವ ಸದ್ದಿಗೆ ಬೆಚ್ಚಿ ಕುಡಿದ ಹಾಲನ್ನೆಲ್ಲ ಕಾರಿತು. ಭಾರತಿಗೆ ತಡೆಯಲಾಗಲಿಲ್ಲ.

"ಸಾಕು ಮಾಡು ಬೇ! ಬ್ಯಾಟರಿ ಹಿಡದು ನೋಡೀದಿಲ್ಲ ಈಗ? ಮತ್ಯಾಕ ಝಾಡಸ್ತಿ? ಕೂಸು ಬೆಚ್ಚಿ ಬೆಚ್ಚಿ ಸಾಯಾಕತ್ತೈತಿ."

ಅಮರಮ್ಮ ಎತ್ತಿದ ಕೈಯನ್ನು ಹಾಗೆಯೇ ಇಳಿಸಿದಳು. ಮಗಳ ಮಾತಿನಲ್ಲಿ ತಪ್ಪೇನಿತ್ತು? ಝಾಡಿಸಿದಾಗ ಬೀಳದ ಮೂರು ಚೇಳನ್ನು ಬ್ಯಾಟರಿ ಹಿಡಿದು ಕೊಟ್ಟಿತ್ತು. ಅವಳು ಬಟ್ಟೆಗಳನ್ನು ಮೆಲ್ಲಗೆ ಮಡಿಚಿ ಹೊರಸಿನ ಕಾಲುದೆಸೆಯಲ್ಲಿ ಒಟ್ಟಿದಳು. ನಿಜ ಹೇಳಬೇಕೆಂದರೆ ಅವಳಿಗೆ ಸಂತೋಷವಾಯಿತು. ಮೂವತ್ತು ವರ್ಷ ಹೊತ್ತ ಹೊರೆ ಕೆಳಗಿಟ್ಟಂತೆ ತೋಳುಗಳು ಹಗುರಾದವು. ಅಂದು ಮಧ್ಯಾಹ್ನ ಗೋಡೆಗೊರಗಿ ಗೊರಕೆ ಹೊಡೆದಳು.

ನೀರೆರೆಯಲು ಬಂದ ಇಮಾಮ್‌ಬೀ ಕೇಳಿಯೇ ಬಿಟ್ಟಳು. "ಯಾಕ ಅಮರಕ್ಕಾ, ಇವತ್ತು ಸದ್ದ ಇಲ್ಲ? ಆರಾಮ ಅದಿಯಿಲ್ಲೋ? ನಾ ಏಳೋದರಾಗ ಹೊತ್ತು ನೆತ್ತಿಗೆ ಬಂದಿತ್ತು."

"ಇನ್ನ ಮ್ಯಾಲೆ ಗಡಿಯಾರ ತಂದು ಇಟ್ಕೊ. ನಮ್ಮ ಅಳಿಯ ಬ್ಯಾಟರಿ ತಂದುಕೊಟ್ಟಾನ."

"ಬ್ಯಾಟರಿ ಇರ್ಲಿ ತಗೋ. ಬಟ್ಟಿ ಝಾಡ್ಸಿದ್ರ ಏನ್ ಖರ್ಚ ಐತಿ?" ಎಂದ ಇಮಾಮ್‌ಬೀಯ ಮಾತನ್ನು ಅಮರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಏಳನೆಯ ದಿನ ಭಾನುವಾರ. ಇಮಾಮ್‌ಬೀಯ ಮೊಮ್ಮಗಳು ಕಹಕಶಾ ಲಿಂಗಸುಗೂರಿನಿಂದ ಬಂದಿದ್ದಳು. ಅಲ್ಲಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬ್ಯಾಟರಿಯ ಸುದ್ದಿ ಕೇಳಿ ನೋಡಲು ಬಂದು, ಕತ್ತಲೆ ಕೋಣೆಯ ಬಾಗಿಲಲ್ಲಿ ಕೂತು ಹೇಳಿದಳು. "ಚೇಳಿನೊಳಗ ದೀಪ ಇರಂಗಿಲ್ಲ ಅಮರಜ್ಜಿ. ಅದರ ಚರ್ಮ ಈ ನೇರಳೆ ಬೆಳಕು ನುಂಗಿ ಹಸಿರು ಬೆಳಕು ಉಗುಳ್ತೈತಿ. ಬರೇ ಚೇಳಲ್ಲ, ಸಮುದ್ರದಾಗ ಹವಳ ಅದಾವ, ಮೀನು ಅದಾವ, ಆಮಿನೂ ಅದಾವ. ನೀಲಿ ಬೆಳಕು ಕುಡದು ಕೆಂಪು, ಹಸಿರು ಹೊಳೀತಾವ. ಕೆಲವು ಜಾತಿ ಕಪ್ಪೆನೂ ಹೊಳೀತಾವಂತ."

"ಯಾಕ ಹೊಳೀತಾವವ್ವ? ಯಾರಿಗೆ ತೋರಸಾಕ?"

ಕಹಕಶಾ, "ಚೇಳಿಂದು ಯಾರಿಗೂ ಖರೇ ಗೊತ್ತಿಲ್ಲಜ್ಜಿ" ಎಂದಳು. ಆ ಮಾತು ಅಮರಮ್ಮನಿಗೆ ಯಾಕೋ ಹಿಡಿಸಲಿಲ್ಲ. ಗೊತ್ತಿಲ್ಲದ್ದನ್ನು ಮನೆಯೊಳಗೆ ಇಟ್ಟುಕೊಂಡ ಹಾಗಾಯಿತು.

ಒಂಬತ್ತನೆಯ ದಿನ ಇಮಾಮ್‌ಬೀ ಬೆಳಗಿನ ನೀರೆರೆದು ಹೋದಳು. ಅಮರಮ್ಮ ಕಾಲುದೆಸೆಯ ಒಟ್ಟಿನಿಂದ ಬಟ್ಟೆ ಎಳೆದು ಕೂಸಿಗೆ ಸುತ್ತಿದಳು. ಹೆಸರಿಡುವ ತನಕ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲವಲ್ಲ, ಸತ್ತ ರಾಮಣ್ಣನ ಬಿಳಿ ಧೋತ್ರವನ್ನೇ ಹರಿದು ಸೋಪಿನ ಪುಡಿಯಲ್ಲಿ ಒಗೆದು ಮೆತ್ತಗೆ ಮಾಡಿಟ್ಟಿದ್ದಳು. ಅದನ್ನು ಬಿಗಿಯಾಗಿ ಸುತ್ತಿ, ಮೇಲೆ ತಲೆಯಿಂದ ಕಾಲವರೆಗೆ ಮುಚ್ಚುವ ಹಳೆಯ ಕಪ್ಪು ಕುಂಚಿಗೆ ಕಟ್ಟಿದಳು. ಕೂಸು ಹಾಲು ಕುಡಿದು ನಿದ್ದೆ ಹೋಯಿತು.

ಆಮೇಲೆ ಬ್ಯಾಟರಿ ಹಿಡಿದಳು. ಗೋಡೆ ಸ್ವಚ್ಛ. ಮೂಲೆ ಸ್ವಚ್ಛ. ಹೊರಸಿನ ಕಾಲುದೆಸೆಗೆ ಬಂದಾಗ, ಬಟ್ಟೆಯ ಒಟ್ಟಿನ ಪಕ್ಕದಲ್ಲಿ, ನೆಲದ ಮೇಲೆ ಆ ಹಸಿರು ಹೊಳೆಯಿತು.

ಭಾರತಿ ಚೀರಿ ಕೂಸನ್ನು ಎದೆಗವಚಿಕೊಂಡಳು. ಅಮರಮ್ಮ ಚಪ್ಪಲಿ ಎತ್ತಿ ಬಡಿದಳು. ಚೇಳನ್ನು ಹೊಡೆದಾಗ ಕೈಗೆ ಒಂದು ತಿಳಿವಳಿಕೆ ಬರುತ್ತದೆ, ಕೆಳಗೆ ಏನೋ ಪಚಕ್ಕೆಂದು ಒಡೆಯುತ್ತದೆ. ಇಲ್ಲಿ ಏನೂ ಒಡೆಯಲಿಲ್ಲ. ಚಪ್ಪಲಿ ಎತ್ತಿ ನೋಡಿದರೆ ಅರ್ಧ ಮುರಿದ ಚೇಳು ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಹಗುರಾಗಿ ಬಿದ್ದಿತ್ತು. ಉಸಿರು ಬಿಟ್ಟರೆ ಹಾರುತ್ತಿತ್ತು. ಒಳಗೆ ಏನೂ ಇರಲಿಲ್ಲ.

"ಸತ್ತು ಒಣಗಿದ್ದು!" ಎಂದಳು ಅಮರಮ್ಮ. ತಾಯಿ ಮಗಳಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ಸತ್ತ ಚೇಳಿಗೆ ಚಪ್ಪಲಿ ಏಟು ಹೊಡೆದ ಸಂಭ್ರಮವನ್ನು ಫೋನಿನಲ್ಲಿ ಆಂಜನೇಯನಿಗೂ ಹೇಳಿದರು. ಅವನೂ ನಕ್ಕ. "ಕುಂಡಲಿ ಹೊಗಿಗೆ ಒಣಗಿ ಸತ್ತೈತಿ ಬಿಡ್ರಿ. ಸತ್ತಿದ್ದನ್ನೂ ತೋರಸ್ತೈತಿ ನೋಡ್ರಿ ನಮ್ಮ ಬ್ಯಾಟರಿ!" ಎಂದ. ಅಮರಮ್ಮ ಸಿಪ್ಪೆಯನ್ನು ಒಂದು ಹಾಳೆಯ ಚೂರಿನಲ್ಲಿಟ್ಟು ಗೋಡೆಯ ಗೂಡಿನಲ್ಲಿಟ್ಟಳು, ಇಮಾಮ್‌ಬೀಗೆ ತೋರಿಸಿ ಬೀಗಬೇಕೆಂದು.

ಇಮಾಮ್‌ಬೀ ಮಧ್ಯಾಹ್ನದ ಮೇಲೆ ಬಂದಳು. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಉಗುರಿನಿಂದ ಸಿಪ್ಪೆಯನ್ನು ತಿರುವಿ ತಿರುವಿ ನೋಡಿದಳು. ಆಕೆ ನಗಲಿಲ್ಲ.

"ಅಮರಕ್ಕಾ, ಇಲ್ಲಿ ನೋಡು. ತಲಿ ಮುಂದ ಬಾಯಿ ತೆರದೈತಿ. ಡಬ್ಬಿ ಮುಚ್ಚಳ ತೆರದಂಗ."

"ನಾ ಹೊಡದಾಗ ಒಡದಿರ್ಬೇಕು."

"ನೀ ಹೊಡದಿದ್ದು ಬಾಲದ ಕಡೆ. ಇದು ಸತ್ತಿದ್ದಲ್ಲ. ಹಾವು ಪೊರಿ ಬಿಟ್ಟಂಗ ಬಿಟ್ಟು ಹೋಗೈತಿ." ಇಮಾಮ್‌ಬೀ ದನಿ ಇಳಿಸಿದಳು. "ಇದರಾಗ ಇದ್ದಾಕಿ ಎಲ್ಲಿ?"

 ಕುಂಡಲಿಯಲ್ಲಿ ಒಂದು ಅಜವಾನದ ಕಾಳು ಚಿಟ್ಟೆಂದಿತು.

ಅಮರಮ್ಮ ಬ್ಯಾಟರಿ ತೆಗೆದುಕೊಂಡು ಗೋಡೆ, ಜಂತಿ, ಹೊರಸಿನ ಹಗ್ಗ, ಕುಂಡಲಿಯ ಹಿಂದೆ, ಬಾಗಿಲ ಸಂದಿ ಎಲ್ಲ ಕಡೆ ಹಿಡಿದಳು. ಒಂದು ಸಲ, ಎರಡು ಸಲ, ಮೂರು ಸಲ. ಎಲ್ಲೂ ಏನೂ ಹೊಳೆಯಲಿಲ್ಲ. ಬೆಳಿಗ್ಗೆ ಇದೇ ಕತ್ತಲೆ ಅವಳಿಗೆ ಧೈರ್ಯ ಕೊಟ್ಟಿತ್ತು. ಈಗ ಪ್ರತಿ ಸಂದಿಯೂ ಬಾಯಿ ಮುಚ್ಚಿಕೊಂಡು ಕೂತ ಹಾಗೆ ಕಂಡಿತು.

"ಹೊಳೀವಲ್ದು. ಅಂದ್ರ ಹೊರಗ ಹೋಗೈತಿ," ಎಂದಳು ಭಾರತಿ. ಅವಳ ದನಿಯಲ್ಲೇ ನಂಬಿಕೆಯಿರಲಿಲ್ಲ.

ಇಮಾಮ್‌ಬೀ ಕಹಕಶಾಳಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ಶಾಲೆಯ ಗದ್ದಲದ ನಡುವೆ ಕಹಕಶಾಳ ದನಿ ಕೇಳಿತು. ಎಲ್ಲ ಕೇಳಿಕೊಂಡು ಆಕೆ ಅವಸರದಲ್ಲಿ ಹೇಳಿದಳು. "ದಾದೀ, ಬ್ಯಾಟರಿ ನಂಬಬ್ಯಾಡ್ರಿ! ಹೊಳೆಯೋದು ಗಟ್ಟಿ ಚರ್ಮ. ಅದನ್ನ ಅದು ಅಲ್ಲೇ ಕಳಚಿ ಇಟ್ಟೈತಿ. ಹೊಸ ಚರ್ಮ ಮೆತ್ತಗ ಇರ್ತೈತಿ, ಎರಡು ಮೂರು ದಿನ ಹೊಳೆಯಂಗಿಲ್ಲ. ಮೈ ಗಟ್ಟಿ ಆಗೋ ತನ ದೂರ ಹೋಗಂಗಿಲ್ಲ ಅದು, ಅಲ್ಲೇ ಕತ್ತಲ್ಯಾಗ, ಮೆತ್ತನ ಜಾಗದಾಗ ಅಡಗಿರ್ತೈತಿ. ಕೂಸಿನ್ನ ಹೊರಗ ತರ್ರಿ ಮೊದ್ಲ!"

ಹನ್ನೆರಡು ದಿನ ಬಾಣಂತಿ ಹೊಸ್ತಿಲು ದಾಟಬಾರದೆಂದು ಓಣಿಗೆಲ್ಲ ಪಾಠ ಹೇಳುತ್ತಿದ್ದವಳು ಅಮರಮ್ಮನೇ. ಈಗ ಅವಳೇ ಮಗಳನ್ನು ಕೈಹಿಡಿದು ಎಳೆದುಕೊಂಡು, ಕೂಸನ್ನು ಅವಚಿಕೊಂಡು ಅಂಗಳಕ್ಕೆ ಬಂದಳು. ಬಿಸಿಲಿಗೆ ಭಾರತಿಯ ಕಣ್ಣು ಕುಕ್ಕಿದವು. ಇಮಾಮ್‌ಬೀ ಸೆರಗು ಸಿಕ್ಕಿಸಿ ಒಳಗೆ ನುಗ್ಗಿ ಕೌದಿ, ಚಾಪೆ, ಕಾಲೊರೆಸುವ ಗೋಣಿ, ಬಟ್ಟೆಯ ಒಟ್ಟು ಒಂದೊಂದಾಗಿ ಹೊರಗೆ ತಂದು ಕಲ್ಲಿಗೆ ಬಡಿದು ಝಾಡಿಸಿದಳು. ಹೊರಸನ್ನೂ ಎಳೆದು ತಂದು ಬಿಸಿಲಿಗೆ ಮಗುಚಿದಳು. ಏನೂ ಬೀಳಲಿಲ್ಲ. ಕೋಣೆಯಲ್ಲಿ ಕುಂಡಲಿ ಮತ್ತು ಕಿಟಕಿಗೆ ತುರುಕಿದ ಗೋಣಿಚೀಲದ ಹೊರತು ಏನೂ ಉಳಿಯಲಿಲ್ಲ.

ಅಮರಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಕೂಸು ತೊಡೆಯ ಮೇಲೆ ನಿದ್ದೆಯಲ್ಲಿತ್ತು. ಕತ್ತಲೆ, ಮೆತ್ತನೆ ಜಾಗ, ದೂರ ಹೋಗುವುದಿಲ್ಲ. ಕಹಕಶಾಳ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಆ ಸಿಪ್ಪೆ ಸಿಕ್ಕದ್ದು ಬಟ್ಟೆಯ ಒಟ್ಟಿನ ಪಕ್ಕದಲ್ಲಿ. ಒಟ್ಟಿನ ಎಲ್ಲ ಬಟ್ಟೆ ಝಾಡಿಸಿಯಾಯಿತು.

ಎಲ್ಲವನ್ನೂ ಅಲ್ಲ. ಒಂದು ಬಟ್ಟೆ ಒಟ್ಟಿನಲ್ಲಿರಲಿಲ್ಲ. ಅದನ್ನು ಬೆಳಿಗ್ಗೆ ತಾನೇ ಎಳೆದು, ಝಾಡಿಸದೆ, ಈ ಕೂಸಿಗೆ ಸುತ್ತಿದ್ದಳು.

ಅವಳ ಕಾಲಿನಿಂದ ನೆತ್ತಿಯವರೆಗೆ ತಣ್ಣಗಿನದೇನೋ ಹತ್ತಿ ಬಂತು.  ಕೂಗಬೇಕೆನ್ನಿಸಿತು, ಕೂಗಲಿಲ್ಲ. ಕಟ್ಟನ್ನು ಹರಿದು ಬಿಸಾಡಬೇಕೆಂದು ಕೈ ಮೇಲೆದ್ದಿತು, ಅದನ್ನೂ ತಡೆದಳು. ಬಿಗಿಯಾಗಿ ಸುತ್ತಿದ ಬಟ್ಟೆ. ಎಳೆದರೆ ಒಳಗಿನದು ಒತ್ತಿಗೆ ಸಿಕ್ಕುತ್ತದೆ, ಒತ್ತಿಗೆ ಸಿಕ್ಕರೆ ಕುಟುಕುತ್ತದೆ. ಎಲ್ಲಿದೆ ಎಂದು ಮೊದಲು ಗೊತ್ತಾಗಬೇಕು. ನಾಲ್ಕು ತಾಸಿನಿಂದ ಕೂಸು ಕದಲದೆ ಮಲಗಿದೆ, ಅದಕ್ಕೇ ಅದೂ ಸುಮ್ಮನಿದೆ. ಅಥವಾ ಕೂಸು ಮಲಗಿದ್ದು ನಿದ್ದೆಯಿಂದಲೇ? ಆ ಯೋಚನೆಯನ್ನು ಅವಳು ಪೂರ್ತಿ ಮಾಡಲಿಲ್ಲ.

"ಇಮಾಮಕ್ಕಾ, ನನ್ನ ಸಂಗಾಟ ಒಳಗ ಬಾ. ಬ್ಯಾಟರಿ ಕೊಡು."

"ಹುಚ್ಚು ಹಿಡೀತೇನು? ಈಗ ಹೊರಗ ತಂದೀವಿ, ಮತ್ತ ಆ ಕೋಣಿಗೆ..."

"ಬಾ ಅಂದ್ರ ಬಾ. ಭಾರತಿ, ನೀ ಅಲ್ಲೇ ಕುಂದ್ರು." ಅವಳ ಮುಖ ನೋಡಿ ಇಮಾಮ್‌ಬೀ ಬ್ಯಾಟರಿ ತೆಗೆದುಕೊಂಡು ಹಿಂದೆ ನಡೆದಳು.

ಬರಿದಾದ ಕತ್ತಲೆ ಕೋಣೆಯ ನಡುವೆ ಅಮರಮ್ಮ ಕೂತಳು. ಕೂಸನ್ನು ತೊಡೆಯಿಂದ ನೆಲಕ್ಕೆ, ನೀರಿನ ಮೇಲೆ ಇಡುವ ಹಾಗೆ ಇಳಿಸಿದಳು. ಇಮಾಮ್‌ಬೀಗೆ ಕೂಸಿನ ಕಣ್ಣಿನ ಮೇಲೆ ಅಂಗೈ ಮುಚ್ಚಿ ಹಿಡಿಯಲು ಹೇಳಿದಳು. ಕುಂಚಿಗೆಯ ಗಂಟನ್ನು ಬಿಚ್ಚಿ, ಒಂದು ಎಳೆಯೂ ಅಲುಗದಂತೆ ಎರಡೂ ಕಡೆಗೆ ಸರಿಸಿದಳು. ಎಡಗೈಯಲ್ಲಿ ಬ್ಯಾಟರಿ ಹಿಡಿದು, ಅಷ್ಟು ದಿನ ತಿರುಗಿಸದ ಕಡೆಗೆ ಮೊದಲ ಸಲ ತಿರುಗಿಸಿದಳು.

ರಾಮಣ್ಣನ ಧೋತ್ರ ಹಾಲು ಚೆಲ್ಲಿದ ಹಾಗೆ ಹೊಳೆಯಿತು. ನೀಲಿ ಬೆರೆತ ಬಿಳುಪು. ಕೋಣೆಯೆಲ್ಲ ಕಪ್ಪು, ಕೂಸೊಂದೇ ಬೆಳಕಿನ ಗಂಟು. ಎದೆಯ ಮೇಲೆ ಏನೂ ಇಲ್ಲ. ಹೊಟ್ಟೆಯ ಮೇಲೆ ಇಲ್ಲ. ಎಡ ಮೊಣಕಾಲಿನ ಬಳಿ, ಸುತ್ತಿನ ಮಡಿಕೆಯಲ್ಲಿ, ಹೆಬ್ಬೆರಳಿನಷ್ಟು ಉದ್ದದ ಕಪ್ಪು ಕಲೆ. ಧೋತ್ರದಲ್ಲಿ ಕಲೆಯಿರಲಿಲ್ಲ, ಅವಳೇ ಒಗೆದದ್ದು. ಇಷ್ಟು ದಿನ ಕತ್ತಲೆಯಲ್ಲಿ ಹೊಳೆಯುವುದನ್ನು ಹುಡುಕಿದವಳು ಈಗ ಹೊಳಪಿನ ನಡುವೆ ಹೊಳೆಯದೆ ಕೂತದ್ದನ್ನು ನೋಡುತ್ತಿದ್ದಳು. ಕಲೆಯ ಒಂದು ತುದಿ ಮೆಲ್ಲಗೆ ಮೇಲೆದ್ದು ಬಾಗಿತು.

"ಯಾ ಅಲ್ಲಾ," ಎಂದು ಇಮಾಮ್‌ಬೀ ಉಸಿರೆಳೆದಳು.

ಅದೇ ಹೊತ್ತಿಗೆ ಕೂಸು ಕಾಲು ಒದೆಯಲೆಂದು ಮೊಣಕಾಲು ಮಡಿಚಿತು.

ಅಮರಮ್ಮ ಇಕ್ಕಳ ಹುಡುಕಲಿಲ್ಲ. ಬಲಗೈಯನ್ನು ಮೇಲಿನಿಂದ ಇಳಿಸಿ ಬಟ್ಟೆಯ ಮಡಿಕೆ ಸಮೇತ ಅದನ್ನು ಹಿಡಿದು, ಮಡಿಕೆಯಿಂದ ಕಿತ್ತು ಮುಷ್ಟಿ ಕಟ್ಟಿದಳು. ಅಂಗೈಯ ನಡುವೆ ಕೆಂಡದ ಸೂಜಿ ಇಳಿಯಿತು. ಮತ್ತೊಂದು ಸಲ ಇಳಿಯಿತು. ಹಲ್ಲು ಕಚ್ಚಿದಳು, ಕೈ ತೆರೆಯಲಿಲ್ಲ.

"ಕೂಸಿನ್ನ ತಗೊಂಡು ಹೊರಗ ನಡಿ," ಎಂದಳು.

ಬಿಸಿಲಿನಲ್ಲಿ ಇಮಾಮ್‌ಬೀ ಧೋತ್ರ ಬಿಚ್ಚಿ ಕೂಸಿನ ಕಾಲು, ತೊಡೆ, ಬೆನ್ನು, ಬೆರಳ ಸಂದಿ ಎಲ್ಲ ಸವರಿ ನೋಡಿದಳು. ಗುರುತಿರಲಿಲ್ಲ. ಆದರೆ ಕೂಸು ಅಳಲಿಲ್ಲ. ಇಷ್ಟು ಎತ್ತಾಡಿದರೂ ಕಣ್ಣು ಮುಚ್ಚಿಕೊಂಡೇ ಇತ್ತು. ಭಾರತಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಳು. ಇಮಾಮ್‌ಬೀ ಅಂಗಾಲಿಗೆ ಬೆರಳಿನಿಂದ ಒಂದು ಸಲ ಚಿಮ್ಮಿದಳು. ಮತ್ತೊಂದು ಸಲ, ಸ್ವಲ್ಪ ಜೋರಾಗಿ. ಅಮರಮ್ಮ ಮುಷ್ಟಿ ಕಟ್ಟಿಕೊಂಡೇ ಬಾಗಿಲಿಗೊರಗಿ ನೋಡುತ್ತಿದ್ದಳು. ಆ ಬಸ್ಸು, ತೊಡೆಯ ಮೇಲಿನ ಆ ತಣ್ಣನೆ ಭಾರ, ಎಲ್ಲವೂ ಆ ಎರಡು ಚಿಮ್ಮಿನ ನಡುವೆ ಬಂದು ನಿಂತವು. ಮೂರನೆಯ ಚಿಮ್ಮಿಗೆ ಕೂಸು ಮುಖ ಕಿವುಚಿ, ಇಡೀ ಓಣಿಗೆ ಕೇಳುವ ಹಾಗೆ ಚೀರಿತು. ಅಷ್ಟು ಸಿಹಿಯಾದ ದನಿಯನ್ನು ಅಮರಮ್ಮ ತಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆಗ ಅವಳು ಕೈ ತೆರೆದಳು. ಹಿಚುಕಿಹೋದ ಅದು ಜೋಳದ ಹಿಟ್ಟಿನ ಬಣ್ಣದ್ದು, ಅರೆಪಾರದರ್ಶಕ, ಎಲ್ಲಿಯೂ ಕೆಂಪಿಲ್ಲ. ಕುಟುಕುವ ತುದಿ ಮಾತ್ರ ಕಪ್ಪಗೆ ತಯಾರಾಗಿತ್ತು. ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಕಂಕುಳಿಗೆ ಉರಿ ಹತ್ತುತ್ತಿತ್ತು.

ಮಂತ್ರದವನ ಹೆಸರು ಈ ಸಲ ಯಾರ ಬಾಯಲ್ಲೂ ಬರಲಿಲ್ಲ. ಸುದ್ದಿ ಕೇಳಿ ಸಿಂಧನೂರಿನಿಂದ ಕಾರು ಹತ್ತಿ ಹೊರಟ ಆಂಜನೇಯ ಬಂದು ಮುಟ್ಟುವಷ್ಟರಲ್ಲಿ ಓಣಿಯವರು ಮಸ್ಕಿಯ ದವಾಖಾನೆಯಲ್ಲಿ ಒಂದು ಸೂಜಿ ಹಾಕಿಸಿದ್ದರು. ಅಲ್ಲಿಂದ ಅವನೇ ಲಿಂಗಸುಗೂರಿಗೆ ಕರೆದೊಯ್ದ. ದಾರಿಯಲ್ಲಿ ಅವನು ಒಂದೇ ಸವನೆ, "ನಾ ಹೇಳಿದ್ದು ತಪ್ಪಾತು ಅತ್ತಿ, ನನ್ನಿಂದ ತಪ್ಪಾತು" ಎನ್ನುತ್ತಿದ್ದ. ಅವಳು, "ನೀವು ಹೇಳಿದ್ರಿ, ಝಾಡ್ಸೋದು ಬಿಟ್ಟಾಕಿ ನಾನು" ಎಂದಳು. ಹಣೆ ಬೆವರುತ್ತಿತ್ತು. ಎ.ಸಿ. ಹಾಕಿದ ಕಾರು, ಆದರೂ ಬೆವರು. ಕೈಬೆರಳು ತಣ್ಣಗಾಗುತ್ತಿದ್ದುದು ಅವಳಿಗೇ ಗೊತ್ತಾಗುತ್ತಿತ್ತು. ಮಗನ ಬೆರಳು ಹೀಗೆಯೇ ಆಗಿದ್ದವು. ಅರ್ಧ ದಾರಿಯ ಆ ತಿರುವು ಬಂದಾಗ ಅವಳು ಕಣ್ಣು ಮುಚ್ಚಲಿಲ್ಲ. ಆ ಗಿಡ ಈಗಿರಲಿಲ್ಲ, ಅಲ್ಲೊಂದು ಪೆಟ್ರೋಲ್ ಬಂಕಾಗಿತ್ತು.

ದವಾಖಾನೆಯಲ್ಲಿ ಗುಳಿಗೆ ಕೊಟ್ಟರು, ಸಲೈನ್ ಹಚ್ಚಿದರು, ತಾಸಿಗೊಮ್ಮೆ ನಾಡಿ ನೋಡಿದರು. ಡಾಕ್ಟರಮ್ಮ, "ನಾಳೆ ಮುಂಜಾನೆ ತನ ಏನೂ ಹೇಳಾಕ ಬರಂಗಿಲ್ಲ. ಬೇಗ ಬಂದದ್ದು ಚಲೋ ಆತು" ಎಂದರು. ಎದೆ ಹಿಡಿದಿಟ್ಟ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ಆದರೂ ಅಮರಮ್ಮನಿಗೆ ಒಳಗೊಳಗೆ ಒಂದು ಹಟದ ಸಮಾಧಾನವಿತ್ತು. ಮೂವತ್ತು ವರ್ಷದ ಹಿಂದೆ ತನಗೆ ಬರಬೇಕಾಗಿದ್ದದ್ದು ಇವತ್ತು ತನಗೇ ಬಂದಿದೆ, ಮಗುವಿಗಲ್ಲ.

ಸಂಜೆ ಮುಳುಗುವ ಹೊತ್ತಿಗೆ ಅವಳು ಆಂಜನೇಯನ ಫೋನು ಕೇಳಿ ಇಸಕೊಂಡು ಭಾರತಿಗೆ ಹಚ್ಚಿಸಿದಳು.

"ಕೂಸು ಹೆಂಗೈತಿ?"

"ಆರಾಮ ಐತಿ ಬೇ. ಇಮಾಮಜ್ಜಿ ಮನ್ಯಾಗ ಅದೀವಿ. ನೀ ಹೆಂಗದಿ? ಏನಂದ್ರು?"

"ನನ್ನದು ಇರ್ಲಿ. ಸಂಜಿ ಆತು. ಬಟ್ಟಿ ಝಾಡ್ಸಿದ್ಯಾ?"

"ಬ್ಯಾಟರಿ ಹಿಡದು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ಝಾಡಸ್ತೀನಿ ಬೇ."

"ಫೋನ್ ಇಡಬ್ಯಾಡ. ಅಲ್ಲೇ ಇಟ್ಕೊಂಡು ಝಾಡ್ಸು. ನನಗ ಕೇಳ್ಬೇಕು."

ಫಟ್, ಫಟ್, ಫಟ್. ಅಮರಮ್ಮ ಕಿವಿಗೂ ಭುಜಕ್ಕೂ ನಡುವೆ ಫೋನು ಒತ್ತಿ ಹಿಡಿದು, ಒಂದೊಂದು ಬಟ್ಟೆಗೂ ಮೂರು ಸಲ ಆಗುತ್ತದೋ ಇಲ್ಲವೋ ಎಂದು ಬೆರಳು ಮಡಿಚುತ್ತ ಹೋದಳು. ಬಲಗೈಯ ಬೆರಳು ಮಡಿಚಲು ಬರುತ್ತಿರಲಿಲ್ಲ, ಎಡಗೈಯಲ್ಲೇ ಮಡಿಚಿದಳು. ಐದನೆಯ ಬಟ್ಟೆಯ ಎರಡನೆಯ ಏಟಿಗೆ ಸದ್ದು ನಿಂತಿತು.

"ಭಾರತೀ?" ಅವಳು ಎಡಗೈಯಲ್ಲಿ ಫೋನನ್ನು ಕಿವಿಗೆ ಒತ್ತಿದಳು. "ಭಾರತೀ! ಏನ್ ಬಿತ್ತು? ಭಾರತೀ!" ಅವಳು ಎದ್ದು ಕೂತ ರಭಸಕ್ಕೆ ಸಲೈನಿನ ಕಂಬ ಅಲುಗಾಡಿತು. ಆಂಜನೇಯ ಓಡಿ ಬಂದ.

"ಏನೂ ಬಿದ್ದಿಲ್ಲ ಬೇ. ಕೂಸು ಎದ್ದೈತಿ, ಅಳಾಕತ್ತೈತಿ. ಹಾಲು ಕುಡಿಸಿ ಆಮ್ಯಾಲೆ ಉಳದಿದ್ದು ಝಾಡಸ್ತೀನಿ."

"ಅಳ್ಲಿ ಬಿಡು," ಎಂದಳು ಅಮರಮ್ಮ. "ಮೊದ್ಲ ಝಾಡ್ಸು."

ಆ ಕಡೆ ಕೂಸಿನ ಅಳು ಜೋರಾಯಿತು. ಆಮೇಲೆ ಮೂರನೆಯ ಏಟು ಬಿತ್ತು.